ಗಂಡಸಿನ ಎದೆಯಲ್ಲಿ ಗಂಟು: ‘ಅಪ್ಪನಿಗೆ ಇನ್ನೆಷ್ಟು ವರ್ಷ?’

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದವರು. ಅಪ್ಪ ಅಡಿಕೆ ಕೃಷಿಕರು, 63 ವರ್ಷ. ಎಡ ಎದೆಯ ತೊಟ್ಟಿನ ಪಕ್ಕದಲ್ಲಿ ಗಂಟು ಕಾಣಿಸಿಕೊಂಡು ಒಂದೂವರೆ ವರ್ಷವಾಯಿತು. ಕೊಯ್ಲಿನ ಹೊತ್ತಿಗೆ ದೋಟಿ ತಾಗಿ ಆದದ್ದೆಂದು ಲೇಪ ಹಚ್ಚಿಕೊಂಡಿದ್ದರು. ತೊಟ್ಟು ಒಳಕ್ಕೆ ಸೇದಿಕೊಂಡು, ಬನಿಯನ್ನಿನಲ್ಲಿ ರಕ್ತದ ಕಲೆ ಕಂಡಾಗ ಅಮ್ಮ ಹಟ ಹಿಡಿದು ಮಂಗಳೂರಿಗೆ ಕರೆದುಕೊಂಡು ಹೋದರು. ಬಯಾಪ್ಸಿಯಲ್ಲಿ ಸ್ತನ ಕ್ಯಾನ್ಸರ್ ಎಂದು ಬಂದಿದೆ. ಗಂಟು ಎರಡೂವರೆ ಸೆಂಟಿಮೀಟರ್, ಕಂಕುಳಿನ ಒಂದು ಗ್ರಂಥಿಗೂ ಹೋಗಿದೆ, ಸ್ಕ್ಯಾನಿನಲ್ಲಿ ಬೇರೆಲ್ಲೂ ಇಲ್ಲ. ವರದಿಯಲ್ಲಿ ‘ಇಆರ್, ಪಿಆರ್ ಪಾಸಿಟಿವ್, ಹರ್‌2 ನೆಗೆಟಿವ್’ ಎಂದಿದೆ. ಸೋದರಮಾವ ‘ಗಂಡಸರಿಗೆ ಇದು ಬಂದರೆ ಉಳಿಯುವುದಿಲ್ಲ, ಕತ್ತಿ ತಾಗಿಸಿದರೆ ಇನ್ನೂ ಬೇಗ ಹರಡುತ್ತದೆ’ ಎನ್ನುತ್ತಾರೆ. ನೆರೆಕರೆಯವರು ಎಂಡೋಸಲ್ಫಾನ್ ಕೀಟನಾಶಕದಿಂದ ಬಂದದ್ದು ಎನ್ನುತ್ತಾರೆ. ಅಪ್ಪನ ತಂಗಿಯೊಬ್ಬರು 44ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಿದ್ದಾರೆ. ವೈದ್ಯರು ವಂಶವಾಹಿ ಪರೀಕ್ಷೆ ಮಾಡಿಸಿ ಎಂದಿದ್ದಾರೆ. ನನ್ನ ತಂಗಿಯ ಮದುವೆಯ ಮಾತುಕತೆ ನಡೆಯುತ್ತಿರುವುದರಿಂದ ಅಮ್ಮನಿಗೆ ಅದು ಬೇಡ. ಹೆಂಗಸರ ಕಾಯಿಲೆ ಬಂದಿದೆ ಎಂದು ಯಾರಿಗೂ ಹೇಳಕೂಡದೆಂದು ಅಪ್ಪನ ಕಟ್ಟಪ್ಪಣೆ. ಮುಚ್ಚುಮರೆಯಿಲ್ಲದೆ ಹೇಳಿ: ಅವರಿಗೆ ಇನ್ನೆಷ್ಟು ವರ್ಷ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಕೊನೆಯದೇ ನಿಮ್ಮ ನಿದ್ದೆ ಕೆಡಿಸಿರುವುದು. ಆದ್ದರಿಂದ ಅಲ್ಲಿಂದಲೇ ತೊಡಗುತ್ತೇನೆ.

ನೀವು ಬರೆದ ವಿವರಗಳ ಪ್ರಕಾರ ಇದು ಎರಡನೇ ಹಂತದ ಕಾಯಿಲೆ. ಗುಣಪಡಿಸುವ ಉದ್ದೇಶವಿಟ್ಟುಕೊಂಡೇ ಚಿಕಿತ್ಸೆ ಕೊಡುವ ಹಂತ. ಅಮೆರಿಕದ ಕ್ಯಾನ್ಸರ್ ನೋಂದಣಿಯ ಲೆಕ್ಕದಲ್ಲಿ, ರೋಗ ಸ್ತನದೊಳಗೇ ಉಳಿದಿರುವಾಗ ಪತ್ತೆಯಾದ ಗಂಡಸರ ಐದು ವರ್ಷದ ಬದುಕುಳಿಯುವಿಕೆ ಸುಮಾರು ಶೇ 95. ಕಂಕುಳಿನ ಗ್ರಂಥಿಗಳವರೆಗೆ ಹೋಗಿದ್ದರೆ ಸುಮಾರು ಶೇ 84. ಎಲುಬು, ಶ್ವಾಸಕೋಶ, ಯಕೃತ್ತಿನಂಥ ದೂರದ ಅಂಗಗಳಿಗೆ ಹರಡಿದ ಮೇಲೆ ಅದು ಶೇ 20ರ ಆಸುಪಾಸಿಗೆ ಇಳಿಯುತ್ತದೆ. ನಿಮ್ಮ ತಂದೆಯವರು ಇರುವುದು ನಡುವಿನ ಗುಂಪಿನಲ್ಲಿ.

ಈ ಅಂಕಿಗಳನ್ನು ಓದುವಾಗ ಮನೆಮಂದಿ ಸಾಮಾನ್ಯವಾಗಿ ಎಡವುವ ಜಾಗವೊಂದಿದೆ. ‘ಐದು ವರ್ಷದ ಬದುಕುಳಿಯುವಿಕೆ’ ಎಂದರೆ ಐದು ವರ್ಷ ಮಾತ್ರ ಬದುಕುತ್ತಾರೆ ಎಂದಲ್ಲ. ಐದು ವರ್ಷ ಎನ್ನುವುದು ಲೆಕ್ಕ ಹಾಕಲು ಇಟ್ಟುಕೊಂಡ ಒಂದು ಗೆರೆ, ಅಷ್ಟೇ. ಆ ಗೆರೆ ದಾಟಿದವರಲ್ಲಿ ಬಹಳಷ್ಟು ಮಂದಿ ಮುಂದೆಯೂ ಬದುಕುತ್ತಾರೆ. ಇನ್ನೊಂದು ಸಂಗತಿ: ಈ ಲೆಕ್ಕವನ್ನು ಅದೇ ಪ್ರಾಯದ ಸಾಮಾನ್ಯ ಗಂಡಸರ ಜೊತೆ ಹೋಲಿಸಿ ಮಾಡಿರುತ್ತಾರೆ. ಅರುವತ್ತು ದಾಟಿದವರು ಹೃದಯಾಘಾತದಿಂದಲೋ ಪಾರ್ಶ್ವವಾಯುವಿನಿಂದಲೋ ತೀರಿಕೊಂಡರೆ ಅದನ್ನು ಸ್ತನ ಕ್ಯಾನ್ಸರಿನ ಖಾತೆಗೆ ಹಾಕಬಾರದು ಎಂಬ ಕಾರಣಕ್ಕೆ ಹಾಗೆ ಮಾಡುವುದು. ಅಮೆರಿಕದ ಅಂಕಿಗಳನ್ನು ಎತ್ತಿ ಬದಿಯಡ್ಕಕ್ಕೆ ಹಾಗೆಯೇ ತಂದಿಡುವಂತಿಲ್ಲ, ಒಪ್ಪುತ್ತೇನೆ. ನಮ್ಮಲ್ಲಿ ಬರುವವರು ತಡವಾಗಿ ಬರುತ್ತಾರೆ, ಅರ್ಧಕ್ಕೆ ಬಿಡುವವರೂ ಹೆಚ್ಚು. ಆದರೆ ಸಮಯಕ್ಕೆ ಬಂದು ಚಿಕಿತ್ಸೆಯನ್ನು ಪೂರ್ತಿ ತೆಗೆದುಕೊಂಡವರ ದೇಹ ಔಷಧಿಗೆ ಸ್ಪಂದಿಸುವ ರೀತಿ ಎಲ್ಲ ಊರುಗಳಲ್ಲೂ ಒಂದೇ.

ನಿಮ್ಮ ಸೋದರಮಾವನ ಮಾತಿನಲ್ಲಿ ಒಂದು ಎಳೆ ನಿಜವಿದೆ. 2019ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಸ್ತನ ಕ್ಯಾನ್ಸರ್ ಬಂದ ಹೆಂಗಸರಲ್ಲಿ ಐದು ವರ್ಷದ ನಂತರ ಬದುಕಿದ್ದವರು ಶೇ 86.4, ಗಂಡಸರಲ್ಲಿ ಶೇ 77.6. ಅಂತರ ಸಣ್ಣದಲ್ಲ. ಆದರೆ ಅದೇ ಸಂಶೋಧಕರು ಕಾರಣ ಹುಡುಕಿದಾಗ, ಗಂಡಸರ ಹೆಚ್ಚುವರಿ ಸಾವಿನ ಸುಮಾರು ಶೇ 63ರಷ್ಟು ಪಾಲು ರೋಗದ ಹಂತದಂಥ ಲಕ್ಷಣಗಳಿಗೂ ಸಾಕಷ್ಟು ಚಿಕಿತ್ಸೆ ಸಿಗದಿದ್ದುದಕ್ಕೂ ಸೇರುತ್ತಿತ್ತು. ಉಳಿದ ಪಾಲಿಗೆ ಶರೀರದ ಬೇರೆ ಕಾರಣಗಳಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ನಾನು ಚಿಕಿತ್ಸಾಲಯದಲ್ಲಿ ಕಂಡದ್ದೂ ಇದೇ: ಗಂಡಸಿಗೆ ಬಂತೆಂದು ಈ ರೋಗ ಹೆಚ್ಚು ಕ್ರೂರವಾಗುವುದಿಲ್ಲ. ಗಂಡಸು ತಡ ಮಾಡುತ್ತಾನೆ, ನಾಚುತ್ತಾನೆ, ನಡುವೆ ಮಾತ್ರೆ ಬಿಡುತ್ತಾನೆ. ವರ್ಷಗಳು ಕಳೆದುಹೋಗುವುದು ಅಲ್ಲಿ.

ಧೈರ್ಯಕ್ಕೆ ಒಂದು ಉದಾಹರಣೆ ಬೇಕಿದ್ದರೆ ನಿಮ್ಮ ತಂದೆಯವರಿಗೆ ಎಡ್ವರ್ಡ್ ಬ್ರೂಕ್ ಅವರ ಬಗ್ಗೆ ಹೇಳಿ. ಅಮೆರಿಕದ ಸೆನೆಟ್ ಸದಸ್ಯರಾಗಿದ್ದವರು. 2002ರಲ್ಲಿ, ಎಂಬತ್ತು ದಾಟಿದ ಮೇಲೆ, ಅವರಿಗೆ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಗಂಡಸರೂ ಎದೆ ಪರೀಕ್ಷಿಸಿಕೊಳ್ಳಬೇಕೆಂದು ಬಹಿರಂಗವಾಗಿ ಮಾತನಾಡಿ, 2015ರಲ್ಲಿ 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಗಂಡಸಿಗೆ ಹೇಗೆ ಬರುತ್ತದೆ ಎಂಬುದಕ್ಕೆ ಬರೋಣ. ಹುಟ್ಟುವಾಗ ಹೆಣ್ಣು ಗಂಡು ಇಬ್ಬರಿಗೂ ತೊಟ್ಟಿನ ಹಿಂದೆ ಒಂದೇ ತೆರನಾದ ಹಾಲಿನ ನಾಳಗಳಿರುತ್ತವೆ. ಹುಡುಗಿಯರಲ್ಲಿ ಪ್ರಾಯಕ್ಕೆ ಬಂದಾಗ ಅವು ಬೆಳೆಯುತ್ತವೆ, ಹುಡುಗರಲ್ಲಿ ಹಾಗೆಯೇ ಉಳಿಯುತ್ತವೆ. ಉಳಿದ ಆ ನಾಳಗಳ ಒಳಪದರದಲ್ಲಿಯೇ ಕ್ಯಾನ್ಸರ್ ಹುಟ್ಟುವುದು. ಅಪರೂಪ, ಹೌದು. ಒಟ್ಟು ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ ಒಂದು ಕೂಡ ಗಂಡಸರದ್ದಲ್ಲ. ಈಸ್ಟ್ರೋಜನ್ ಎಂಬ ‘ಹೆಣ್ಣಿನ’ ಹಾರ್ಮೋನು ಗಂಡಸಿನ ಮೈಯಲ್ಲೂ ತಯಾರಾಗುತ್ತದೆ. ಕೊಬ್ಬಿನ ಅಂಗಾಂಶ ಗಂಡು ಹಾರ್ಮೋನನ್ನೇ ಅದಾಗಿ ಮಾರ್ಪಡಿಸುತ್ತದೆ, ಯಕೃತ್ತು ಅದನ್ನು ಕರಗಿಸಿ ಹೊರಹಾಕುತ್ತದೆ. ಆದ್ದರಿಂದ ಬೊಜ್ಜು, ಕುಡಿತದಿಂದಲೋ ಕಾಮಾಲೆಯಿಂದಲೋ ಕೆಟ್ಟ ಯಕೃತ್ತು, ವೃಷಣದ ತೊಂದರೆಗಳು, ಹಿಂದೆ ಎದೆಗೆ ಪಡೆದ ವಿಕಿರಣ ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಹುಟ್ಟಿನಿಂದಲೇ ಒಂದು ಎಕ್ಸ್ ವರ್ಣತಂತು ಹೆಚ್ಚಿರುವ ಕ್ಲೈನ್‌ಫೆಲ್ಟರ್ ಸ್ಥಿತಿಯವರಲ್ಲಿ ಅಪಾಯ ಬಹಳ ಪಾಲು ಹೆಚ್ಚು. ಇವು ಯಾವುದೂ ಇಲ್ಲದೆ, ಪ್ರಾಯವೊಂದೇ ಕಾರಣವಾಗಿ ಬರುವುದೂ ಉಂಟು.

ದೋಟಿ ತಾಗಿದ್ದು ಕಾರಣವಲ್ಲ. ಪೆಟ್ಟು ಬಿದ್ದಾಗ ಜನ ಮೊದಲ ಸಲ ಆ ಜಾಗವನ್ನು ಮುಟ್ಟಿ ನೋಡುತ್ತಾರೆ, ಅದಾಗಲೇ ಇದ್ದ ಗಂಟು ಕೈಗೆ ಸಿಗುತ್ತದೆ. ಅಂಗಿಯ ಎಡ ಕಿಸೆಯಲ್ಲಿ ಮೊಬೈಲ್ ಇಟ್ಟುಕೊಂಡದ್ದಕ್ಕೆ ಹೀಗಾಯಿತೆ ಎಂದು ಕೇಳುವವರೂ ಇದ್ದಾರೆ. ಅದಕ್ಕೂ ಆಧಾರವಿಲ್ಲ.

ಎಂಡೋಸಲ್ಫಾನ್ ಮಾತನ್ನು ಅಷ್ಟು ಹಗುರವಾಗಿ ತಳ್ಳಿಹಾಕಲಾರೆ. ಸರ್ಕಾರಿ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಅದನ್ನು ಸುರಿದ ಜಿಲ್ಲೆ ನಿಮ್ಮದು. ಅದರಿಂದ ನರಳಿದ ಎಣ್ಮಕಜೆ ಗ್ರಾಮದ ಕಡೆಯವರಿಗೆ ಆ ಹೆಸರು ಬರೀ ರಾಸಾಯನಿಕದ ಹೆಸರಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಪ್ರಯೋಗಾಲಯದಲ್ಲಿ ಅದು ಜೀವಕೋಶಗಳ ಮೇಲೆ ಈಸ್ಟ್ರೋಜನ್ನಿನಂತೆ ದುರ್ಬಲವಾಗಿ ವರ್ತಿಸುವುದನ್ನು ಕಂಡಿದ್ದಾರೆ, ಅದೂ ನಿಜ. ಆದರೆ ಗಂಡಸರ ಸ್ತನ ಕ್ಯಾನ್ಸರಿಗೆ ಅದೇ ಕಾರಣ ಎಂದು ಸಾಬೀತಾಗಿಲ್ಲ. ಒಬ್ಬ ವ್ಯಕ್ತಿಯ ಗಂಟನ್ನು ನೋಡಿ ಇದು ಅದರಿಂದಲೇ ಬಂತು ಎಂದು ಹೇಳುವ ಪರೀಕ್ಷೆಯೂ ಇಲ್ಲ. ನಿಮ್ಮ ಮನೆಯ ಮಟ್ಟಿಗೆ ನನ್ನ ಗಮನ ಬೇರೆ ಕಡೆ ಹೋಗುತ್ತದೆ: 44ರಲ್ಲಿ ತೀರಿಕೊಂಡ ನಿಮ್ಮ ಸೋದರತ್ತೆಯ ಕಡೆಗೆ.

ಅಷ್ಟು ಚಿಕ್ಕ ವಯಸ್ಸಿನಲ್ಲಿ ತಂಗಿಗೆ, ಈಗ ಅಣ್ಣನಿಗೆ ಎಂದರೆ ಬಿಆರ್‌ಸಿಎ2 ಎಂಬ ವಂಶವಾಹಿಯಲ್ಲಿ ದೋಷವಿರಬಹುದೆಂಬ ಅನುಮಾನ ಯಾವ ತಜ್ಞನಿಗೂ ಬರಬೇಕು. ಈ ದೋಷ ಇರುವ ಗಂಡಸಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇ 7ರ ಆಸುಪಾಸು. ಅದರ ಸೋದರಿ ಬಿಆರ್‌ಸಿಎ1ರಲ್ಲಿ ಶೇ 1ರಷ್ಟು. ಅಪ್ಪನ ಕಡೆಯ ಕಾಯಿಲೆ ಹೆಣ್ಣುಮಕ್ಕಳಿಗೆ ಬರುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಅದು ತಪ್ಪು. ತಂದೆಯಲ್ಲಿ ದೋಷವಿದ್ದರೆ ಮಗ, ಮಗಳು ಯಾರೇ ಆಗಲಿ, ಪ್ರತಿಯೊಬ್ಬರಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅದಕ್ಕೇ ಸ್ತನ ಕ್ಯಾನ್ಸರ್ ಬಂದ ಪ್ರತಿಯೊಬ್ಬ ಗಂಡಸಿಗೂ, ಮನೆಯಲ್ಲಿ ಬೇರೆ ಯಾರಿಗೂ ಇಲ್ಲದಿದ್ದರೂ, ಈ ಪರೀಕ್ಷೆ ಮಾಡಿಸಲು ಹೇಳುತ್ತೇವೆ. ರಕ್ತ ಕೊಟ್ಟರೆ ಸಾಕು.

ನಿಮ್ಮ ತಾಯಿಯವರ ಭಯ ನನಗೆ ಹೊಸದಲ್ಲ, ಅದನ್ನು ಮೌಢ್ಯ ಎನ್ನಲೂ ಮನಸ್ಸಿಲ್ಲ. ಜಾತಕದ ಜೊತೆ ಆಸ್ಪತ್ರೆಯ ಚೀಟಿಯನ್ನೂ ಹೊಂದಿಸಿ ನೋಡುವ ಕಾಲ ಬಂದಿದೆ. ಆದರೆ ಈಗ ಪರೀಕ್ಷೆ ಆಗಬೇಕಿರುವುದು ನಿಮ್ಮ ತಂಗಿಗಲ್ಲ, ನಿಮ್ಮ ತಂದೆಗೆ. ಅವರ ಫಲಿತಾಂಶ ಅವರ ಖಾಸಗಿ ವಿಷಯ. ವೈದ್ಯರು ಅದನ್ನು ಯಾರಿಗೂ ಹೇಳುವಂತಿಲ್ಲ. ಅವರಲ್ಲಿ ದೋಷವಿಲ್ಲವೆಂದಾದರೆ ತಂಗಿಗೆ ಪರೀಕ್ಷೆಯ ಪ್ರಶ್ನೆ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. ಇದೆ ಎಂದಾದರೆ ಮಾಡಿಸಿಕೊಳ್ಳಬೇಕೆ, ಯಾವಾಗ ಎಂಬುದು ಆಕೆಯ ತೀರ್ಮಾನ, ನಿಮ್ಮದೂ ಅಲ್ಲ, ತಾಯಿಯವರದೂ ಅಲ್ಲ. ಆಕೆಯಲ್ಲಿ ದೋಷ ಕಂಡುಬಂದರೂ ಕ್ಯಾನ್ಸರ್ ಬಂದಿದೆ ಎಂದರ್ಥವಲ್ಲ: ಚಿಕ್ಕ ಪ್ರಾಯದಿಂದಲೇ ಎಂಆರ್‌ಐ ಮತ್ತು ಮ್ಯಾಮೊಗ್ರಾಮ್ ಮೂಲಕ ನಿಗಾ ಇಡಬಹುದು, ಮಕ್ಕಳಾದ ಮೇಲೆ ಅಂಡಾಶಯ ತೆಗೆಸುವಂಥ ತಡೆಗಟ್ಟುವ ಮಾರ್ಗಗಳಿವೆ. ಸೋದರತ್ತೆಗೆ ಆ ಅವಕಾಶ ಸಿಕ್ಕಿರಲಿಲ್ಲ. ನೀವೂ ಮಗನೇ ಎಂಬುದನ್ನು ಮರೆಯಬೇಡಿ. ಬಿಆರ್‌ಸಿಎ2 ದೋಷವುಳ್ಳ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯವೂ ಹೆಚ್ಚು, ನಲುವತ್ತರಿಂದ ಪಿಎಸ್‌ಎ ರಕ್ತಪರೀಕ್ಷೆ ಬೇಕಾಗುತ್ತದೆ.

ಇನ್ನು ಕತ್ತಿ ತಾಗಿದರೆ ಹರಡುತ್ತದೆ ಎಂಬ ಮಾತು. ಇದು ಹುಟ್ಟಿಕೊಂಡದ್ದು ಹೇಗೆಂದು ಊಹಿಸುವುದು ಕಷ್ಟವಲ್ಲ. ಹುಣ್ಣಾಗಿ ಒಡೆದ ಮೇಲೆ ಆಸ್ಪತ್ರೆಗೆ ಬಂದವರಿಗೆ ಶಸ್ತ್ರಚಿಕಿತ್ಸೆ ಆಗುತ್ತದೆ, ಆರು ತಿಂಗಳಲ್ಲಿ ಅವರು ತೀರಿಕೊಳ್ಳುತ್ತಾರೆ, ಊರಿನವರು ಕತ್ತಿಯನ್ನು ದೂರುತ್ತಾರೆ. ರೋಗ ಮೊದಲೇ ಹರಡಿತ್ತು. ಬಯಾಪ್ಸಿಯ ಸೂಜಿಯಿಂದ ಕ್ಯಾನ್ಸರ್ ಹರಡಿ ಆಯುಷ್ಯ ಕಡಿಮೆಯಾದದ್ದಕ್ಕೆ ಪುರಾವೆಯಿಲ್ಲ. ಸೂಜಿ ಹಾಕದೆ ಹೋದರೆ ‘ಇಆರ್, ಪಿಆರ್, ಹರ್‌2’ ಎಂಬ ಆ ಮೂರು ಉತ್ತರಗಳೇ (ಗಡ್ಡೆ ಈಸ್ಟ್ರೋಜನ್, ಪ್ರೊಜೆಸ್ಟರೋನ್ ಎಂಬ ಹಾರ್ಮೋನುಗಳಿಗೆ ಓಗೊಡುತ್ತದೆಯೇ, ಹರ್‌2 ಎಂಬ ಪ್ರೋಟೀನು ಅದರಲ್ಲಿ ಹೆಚ್ಚಿದೆಯೇ ಎಂಬವು) ಸಿಗುತ್ತಿರಲಿಲ್ಲ, ಮತ್ತು ಇಡೀ ಚಿಕಿತ್ಸೆ ನಿಂತಿರುವುದು ಅವುಗಳ ಮೇಲೆ.

ಆ ಉತ್ತರಗಳು ನಿಮ್ಮ ತಂದೆಯವರ ಪಾಲಿಗೆ ಚೆನ್ನಾಗಿಯೇ ಇವೆ. ಗಂಡಸರ ಸ್ತನ ಕ್ಯಾನ್ಸರಿನಲ್ಲಿ ಹತ್ತರಲ್ಲಿ ಒಂಬತ್ತು ಈಸ್ಟ್ರೋಜನ್ನನ್ನು ಉಂಡು ಬೆಳೆಯುವಂಥವು, ಅವರದೂ ಅದೇ ಜಾತಿ. ಆ ಆಹಾರವನ್ನು ತಡೆಯುವ ಮಾತ್ರೆ ಟಾಮಾಕ್ಸಿಫೆನ್. ಹಳೆಯದು, ಅಗ್ಗದ್ದು, ಎಲ್ಲ ಕಡೆ ಸಿಗುತ್ತದೆ.

ಮೊದಲು ಶಸ್ತ್ರಚಿಕಿತ್ಸೆ. ಗಂಡಸರಲ್ಲಿ ಸ್ತನದ ಅಂಗಾಂಶ ಕಡಿಮೆ, ಗಂಟು ತೊಟ್ಟಿಗೆ ಅಂಟಿಕೊಂಡೇ ಇರುತ್ತದೆ. ಚರ್ಮಕ್ಕೂ ಸ್ನಾಯುವಿಗೂ ಬೇಗ ತಲುಪುವುದು ಅದಕ್ಕೇ. ಆದ್ದರಿಂದ ಹೆಚ್ಚಿನವರಿಗೆ ತೊಟ್ಟಿನ ಸಮೇತ ಇಡೀ ಸ್ತನ ತೆಗೆಯುತ್ತಾರೆ. ಗಂಟಷ್ಟನ್ನೇ ತೆಗೆದು ವಿಕಿರಣ ಕೊಡುವುದು ಕೆಲವರಲ್ಲಿ ಸಾಧ್ಯ. ಆದರೆ ತೊಟ್ಟೇ ಸೇದಿಕೊಂಡು ರಕ್ತ ಬರುತ್ತಿರುವ ನಿಮ್ಮ ತಂದೆಯವರಿಗೆ ಅದರಿಂದ ಗಳಿಕೆ ಕಾಣೆ. ಕಂಕುಳಿನ ಗ್ರಂಥಿಗೆ ಹೋಗಿರುವುದರಿಂದ ಅಲ್ಲಿನ ಗ್ರಂಥಿಗಳನ್ನೂ ತೆಗೆಯಬೇಕಾಗಬಹುದು. ಅದರ ಬೆಲೆ ತೋಳಿಗೆ ಬೀಳುತ್ತದೆ: ಕೆಲವರಿಗೆ ತೋಳು ಬಾತುಕೊಳ್ಳುತ್ತದೆ, ಭುಜ ಬಿಗಿಯುತ್ತದೆ, ಗಾಯದಡಿ ನೀರು ತುಂಬುತ್ತದೆ. ಮೊದಲ ವಾರದಿಂದಲೇ ಫಿಸಿಯೋಥೆರಪಿಯವರು ಹೇಳಿದ ವ್ಯಾಯಾಮ ಮಾಡಿದರೆ ದೋಟಿ ಎತ್ತುವ ಕೈ ಮತ್ತೆ ಮೇಲಕ್ಕೆ ಬರುತ್ತದೆ. ತೋಟದಲ್ಲಿ ಆ ಕೈಗೆ ಕೈಗವಸು ಇರಲಿ. ಮುಳ್ಳು ಚುಚ್ಚಿ ಕೆಂಪಾಗಿ ಊದಿಕೊಂಡರೆ ಮನೆಮದ್ದು ಬೇಡ, ಅದೇ ದಿನ ವೈದ್ಯರಿಗೆ ತೋರಿಸಿ.

ಗಾಯದ ಗುರುತಿನ ಬಗ್ಗೆ ಒಂದು ಮಾತು, ಏಕೆಂದರೆ ಯಾವ ವರದಿಯಲ್ಲೂ ಇದನ್ನು ಬರೆದಿರುವುದಿಲ್ಲ. ಹೆಂಗಸಿನ ಗಾಯ ಬಟ್ಟೆಯೊಳಗೆ ಉಳಿಯುತ್ತದೆ. ನಿಮ್ಮ ಕಡೆಯ ಗಂಡಸು ತೋಟದಲ್ಲಿ ಬರಿಮೈ, ಮನೆಯಲ್ಲಿ ಹೆಗಲ ಮೇಲೊಂದು ಬೈರಾಸು, ಮಧೂರು ದೇವಸ್ಥಾನಕ್ಕೆ ಹೋದರೆ ಅಂಗಿ ಕಳಚಲೇಬೇಕು. ತೊಟ್ಟಿಲ್ಲದ ಎದೆ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಯಾರಿಗೂ ಹೇಳಕೂಡದು ಎನ್ನುವ ಮನುಷ್ಯ ಅದನ್ನು ಮೊದಲೇ ಯೋಚಿಸಿರುತ್ತಾರೆ, ಬಾಯಿಬಿಡುವುದಿಲ್ಲ. ನೀವೇ ಮಾತು ತೆಗೆಯಿರಿ. ಶಾಲು ಹೊದೆಯಬಹುದು, ಬೇಕಿದ್ದರೆ ಗಾಯ ಮಾಗಿದ ಮೇಲೆ ಹಚ್ಚೆಯಿಂದ ತೊಟ್ಟಿನ ಆಕಾರ ಬರೆಸುವುದೂ ಉಂಟು. ‘ಎದೆಯ ಗಡ್ಡೆ ತೆಗೆಸಿದ್ದೇನೆ’ ಎಂದಷ್ಟೇ ಹೇಳಿ ಸುಮ್ಮನಾಗುವುದಕ್ಕೂ ಅವರಿಗೆ ಹಕ್ಕಿದೆ. ಗಂಡಸುತನಕ್ಕೂ ಆ ಗಂಟಿಗೂ ಸಂಬಂಧವಿಲ್ಲ ಎಂದು ಚಿಕಿತ್ಸೆ ಮಾಡುವ ವೈದ್ಯರ ಬಾಯಿಂದಲೇ ಹೇಳಿಸಿ. ಮಗನ ಮಾತಿಗಿಂತ ಅದು ನಾಟುತ್ತದೆ.

ಶಸ್ತ್ರಚಿಕಿತ್ಸೆಯ ನಂತರ ಕೀಮೋ ಬೇಕೆ ಎಂಬುದು ತೆಗೆದ ಗಡ್ಡೆಯ ಪೂರ್ಣ ವರದಿ ಬಂದ ಮೇಲೆ ತೀರ್ಮಾನವಾಗುವ ವಿಷಯ. ಎಷ್ಟು ಗ್ರಂಥಿಗಳು, ಗಡ್ಡೆಯ ಚುರುಕು ಎಷ್ಟು, ಹೃದಯ ಮತ್ತು ಸಕ್ಕರೆ ಹೇಗಿವೆ ಎಂದು ನೋಡುತ್ತಾರೆ. ಕೀಮೋ ಬೇಕೇ ಬೇಡವೇ ಎಂದು ಹೇಳುವ, ಗಡ್ಡೆಯ ಮೇಲೆಯೇ ಮಾಡುವ ದುಬಾರಿ ವಂಶವಾಹಿ ಪರೀಕ್ಷೆಗಳಿವೆ, ಆದರೆ ಅವು ಮುಖ್ಯವಾಗಿ ಹೆಂಗಸರ ಮಾಹಿತಿಯ ಮೇಲೆ ಕಟ್ಟಿದಂಥವು. ಕೀಮೋ ನಡೆಯುವಾಗ ಕೂದಲು ಉದುರುವುದಕ್ಕಿಂತ ಜ್ವರಕ್ಕೆ ಹೆದರಿ. ಬಿಳಿ ರಕ್ತಕಣ ಇಳಿದಿರುವಾಗ ಬಂದ ಜ್ವರಕ್ಕೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಗ್ರಂಥಿಗೆ ತಲುಪಿರುವುದರಿಂದ ಎದೆಗೋಡೆಗೆ ವಿಕಿರಣವನ್ನೂ ಸೂಚಿಸಬಹುದು. ಎಡಗಡೆಯಾದ್ದರಿಂದ ಹೃದಯವನ್ನು ತಪ್ಪಿಸಿ ಕೊಡುವ ವ್ಯವಸ್ಥೆ ಇದೆಯೇ ಎಂದು ಕೇಳಿ.

ಆಮೇಲೆ ಮಾತ್ರೆ. ದಿನಕ್ಕೊಂದು, ಕನಿಷ್ಠ ಐದು ವರ್ಷ, ಕೆಲವರಿಗೆ ಹತ್ತು. ಗಂಡಸರು ಸೋಲುವುದು ಇಲ್ಲಿ. ಮೈ ಬಿಸಿಯೇರಿ ಬೆವರುವುದು, ತೂಕ ಹೆಚ್ಚುವುದು, ಕಾಮಾಸಕ್ತಿ ಕುಗ್ಗುವುದು, ಮನಸ್ಸು ಕುಸಿಯುವುದು ಇವು ಇದರ ಅಡ್ಡ ಪರಿಣಾಮಗಳು. ಅಪರೂಪಕ್ಕೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುತ್ತದೆ. ಒಂದು ಕಾಲು ಮಾತ್ರ ಊದಿ ನೋವಾದರೆ ಅಥವಾ ಏಕಾಏಕಿ ಉಸಿರು ಕಟ್ಟಿದರೆ ತಡ ಮಾಡಬಾರದು. ಹೆಂಡತಿಯ ಮುಂದೆ ಹೇಳಲಾಗದ ತೊಂದರೆಯನ್ನು ವೈದ್ಯರ ಮುಂದೆಯೂ ಹೇಳದೆ, ಚೀಟಿ ತಂದು, ಮಾತ್ರೆ ನುಂಗದವರನ್ನು ನಾನು ಬಲ್ಲೆ. ನಿಮ್ಮ ತಂದೆಯವರಿಗೆ ಅಡಿಕೆಯ ಕೊಳೆರೋಗವಾದ ಮಹಾಳಿಯ ಲೆಕ್ಕದಲ್ಲಿ ಹೇಳಿ: ಅದಕ್ಕೆ ಮದ್ದಾದ ಮೈಲುತುತ್ತು ಹೊಡೆಯುವುದು ಅಡಿಕೆ ಉದುರತೊಡಗಿದ ಮೇಲಲ್ಲ, ಮಳೆ ಹಿಡಿಯುವ ಮೊದಲು, ಮೊದಲ ಸಲ ಹೊಡೆದು ಕಾಯಿ ಚೆನ್ನಾಗಿದೆಯೆಂದು ಎರಡನೆಯ ಸಲ ಬಿಡುವವನು ತೋಟ ಕಳೆದುಕೊಳ್ಳುತ್ತಾನೆ. ಈ ಜಾತಿಯ ಕ್ಯಾನ್ಸರ್ ಐದು ವರ್ಷದ ನಂತರವೂ ಮರಳುವ ಸ್ವಭಾವದ್ದು, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ತೊಂದರೆ ತಾಳಲಾಗದಿದ್ದರೆ ಪರ್ಯಾಯಗಳಿವೆ. ಆದರೆ ಹೆಂಗಸರಿಗೆ ಕೊಡುವ ಲೆಟ್ರೊಜೋಲ್‌ನಂಥ ಮಾತ್ರೆಯನ್ನು ಗಂಡಸಿಗೆ ಒಂಟಿಯಾಗಿ ಕೊಡುವುದಿಲ್ಲ, ವೃಷಣದ ಹಾರ್ಮೋನನ್ನು ತಡೆಯುವ ಚುಚ್ಚುಮದ್ದು ಜೊತೆಗೆ ಬೇಕು. ‘ಶಕ್ತಿ ಬರುತ್ತದೆ’ ಎಂದು ಮಾರುವ ಟೆಸ್ಟೊಸ್ಟೆರೋನ್ ಔಷಧಿಗಳನ್ನು ಮನೆಯೊಳಗೆ ಬಿಡಬೇಡಿ. ಖಿನ್ನತೆಯ ಕೆಲವು ಮಾತ್ರೆಗಳು, ಮುಖ್ಯವಾಗಿ ಪ್ಯಾರಾಕ್ಸೆಟಿನ್ ಮತ್ತು ಫ್ಲೂಕ್ಸೆಟಿನ್, ಟಾಮಾಕ್ಸಿಫೆನ್‌ನ ಕೆಲಸಕ್ಕೆ ಅಡ್ಡಬರುತ್ತವೆ. ಬೇರೆ ವೈದ್ಯರ ಬಳಿ ಹೋದಾಗ ಇದನ್ನು ತಿಳಿಸಿ.

ಎಲ್ಲಿ ಮಾಡಿಸಬೇಕೆಂದು ನೀವು ಕೇಳಿಲ್ಲ, ಆದರೂ ಗಡಿಯವರಿಗೆ ಇದು ದೊಡ್ಡ ವಿಷಯ. ಮಂಗಳೂರು ನಿಮಗೆ ಹತ್ತಿರ, ಭಾಷೆಯೂ ನಿಮ್ಮದೇ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ರೈಲಿನ ದಾರಿಯಲ್ಲೇ ಇದೆ, ಸರ್ಕಾರಿ ವ್ಯವಸ್ಥೆಯದ್ದು, ಕೇರಳದ ಆರೋಗ್ಯ ಕಾರ್ಡು ಅಲ್ಲಿ ಸುಲಭ. ಆ ಕಾರ್ಡು ಗಡಿಯಾಚೆಯ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆಗೆ ನಡೆಯುತ್ತದೆ ಎಂಬುದನ್ನು ದಾಖಲಾಗುವ ಮೊದಲೇ ಅಲ್ಲಿನ ಕೌಂಟರಿನಲ್ಲಿ ಕೇಳಿ ಬರೆದುಕೊಳ್ಳಿ. ಎರಡರಲ್ಲಿ ಯಾವುದಾದರೂ ಆದೀತು. ಶಸ್ತ್ರಚಿಕಿತ್ಸೆ ಇಲ್ಲಿ, ಕೀಮೋ ಅಲ್ಲಿ ಎಂದು ಹಂಚಿಕೊಳ್ಳಬೇಕಾಗಿ ಬಂದರೆ ಪೆಥಾಲಜಿ ವರದಿ, ಗಡ್ಡೆಯ ತುಣುಕನ್ನು ಕಾಪಿಟ್ಟ ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕನ್ನು ಕೇಳಿ ಪಡೆದು ಜೊತೆಗಿಟ್ಟುಕೊಳ್ಳಿ. 2020ರಲ್ಲಿ ಕೊರೊನಾ ಕಾಲಕ್ಕೆ ತಲಪಾಡಿಯ ಗಡಿ ಮುಚ್ಚಿದಾಗ ಕಾಗದಪತ್ರವೆಲ್ಲ ಗಡಿಯಾಚೆ ಉಳಿದುಹೋದರೆ ಏನಾಗುತ್ತದೆಂದು ನಿಮ್ಮ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ.

ಕಳೆದ ಒಂದೂವರೆ ವರ್ಷವನ್ನು ಮನೆಯಲ್ಲಿ ಯಾರ ತಲೆಗೂ ಕಟ್ಟಬೇಡಿ. ಪತ್ತೆಯಾಗುವ ಹೊತ್ತಿಗೆ ಅರ್ಧಕ್ಕೆ ಹತ್ತಿರದಷ್ಟು ಗಂಡಸರಲ್ಲಿ ರೋಗ ಗ್ರಂಥಿಗೆ ತಲುಪಿರುತ್ತದೆ. ಪ್ರಾಯಕ್ಕೆ ಬಂದ ಹುಡುಗರಲ್ಲೂ ಕೆಲವು ಔಷಧಿ ತೆಗೆದುಕೊಳ್ಳುವ ಹಿರಿಯರಲ್ಲೂ ತೊಟ್ಟಿನಡಿ ಮೆತ್ತಗೆ, ರಬ್ಬರಿನಂತೆ, ಮುಟ್ಟಿದರೆ ನೋಯುವ ಊತ ಬರುತ್ತದೆ, ಎಷ್ಟೋ ಸಲ ಎರಡೂ ಕಡೆ. ಅದು ಕ್ಯಾನ್ಸರ್ ಅಲ್ಲ. ಒಂದೇ ಕಡೆ, ಗಟ್ಟಿಯಾಗಿ, ನೋವಿಲ್ಲದೆ, ತೊಟ್ಟನ್ನು ಎಳೆದುಕೊಂಡಿರುವ ಗಂಟಿಗೆ ಮಾತ್ರ ಲೇಪ ಹಚ್ಚುತ್ತ ಕೂರಬಾರದು. ನಿಮ್ಮ ಚಿಕ್ಕಪ್ಪಂದಿರಿಗೂ ಈ ಮಾತು ಮುಟ್ಟಲಿ, ಅವರೂ ಅದೇ ಸೋದರತ್ತೆಯ ಒಡಹುಟ್ಟಿದವರು.

ಚಿಕಿತ್ಸೆ ಮುಗಿದ ಮೇಲೆ ಮೊದಲ ಕೆಲವು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ ತೋರಿಸಬೇಕು. ಪ್ರತಿ ಸಲ ಸ್ಕ್ಯಾನ್ ಬೇಕಿಲ್ಲ, ವೈದ್ಯರ ಕೈ ಸಾಕು. ನಡುವೆ ಬಿಡದೆ ಕಾಡುವ ಬೆನ್ನುಮೂಳೆಯ ನೋವು, ಹೋಗದ ಕೆಮ್ಮು, ಗಾಯದ ಗೆರೆಯ ಮೇಲೆ ಹೊಸ ಕಾಳಿನಂಥ ಗಂಟು ಕಂಡರೆ ಮುಂದಿನ ತಾರೀಕಿಗೆ ಕಾಯದೆ ಹೋಗಿ. ಶಸ್ತ್ರಚಿಕಿತ್ಸೆಗೆ ಈಗಾಗಲೇ ದಿನ ಕೊಟ್ಟಿದ್ದರೆ ಅದನ್ನು ಮದುವೆಯ ಮುಹೂರ್ತಕ್ಕಾಗಿ ಮುಂದೂಡಬೇಡಿ. ವಂಶವಾಹಿ ಪರೀಕ್ಷೆಯ ರಕ್ತವನ್ನು ಅದೇ ವಾರ ಕೊಟ್ಟುಬಿಡಿ, ಫಲಿತಾಂಶ ಬರಲು ವಾರಗಳು ಬೇಕಾಗುತ್ತವೆ.